ಯಂತ್ರದ ಬುಡದಲ್ಲಿ ಇರುವವರು

ರಜೆಗೆಂದು ಕಾರವಾರಕ್ಕೆ ಬಂದ ಅಕ್ಕನ ಮಗ ಈ ವಾರವಿಡೀ ಟಿವಿಯಲ್ಲಿ ‘ಫೈನಲ್ ಫ್ಯಾಂಟಸಿ 7 ರಿಮೇಕ್’ ಎಂಬ ವಿಡಿಯೊ ಗೇಮ್ ಆಡುತ್ತಿದ್ದಾನೆ. ಮೂಲ ಆಟ 1997ರದ್ದು. ಇದು 2020ರ ಹೊಸ ರೂಪ. ಶಿನ್ರಾ ಎಂಬ ಕಂಪನಿಯು ಮಿಡ್ಗರ್ ನಗರದ ಸುತ್ತ ಎಂಟು ರಿಯಾಕ್ಟರುಗಳನ್ನು ನಿಲ್ಲಿಸಿ, ಭೂಮಿಯ ಜೀವಸತ್ವವನ್ನೇ ಹೀರಿ, ಅದಕ್ಕೆ ‘ಮಾಕೊ’ ಎಂದು ಹೆಸರಿಟ್ಟು ವಿದ್ಯುತ್ತಾಗಿ ಮಾರುತ್ತದೆ. ಒಂದನೆಯ ರಿಯಾಕ್ಟರಿಗೆ ಬಾಂಬ್ ಇಡುವುದರಿಂದಲೇ ಆಟ ಶುರುವಾಗುತ್ತದೆ.

ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ತವರೂರನ್ನು ಕಳೆದುಕೊಂಡ ನಮ್ಮ ದೊಡ್ಡಮ್ಮ, ಹೂಬತ್ತಿ ಮಾಡುತ್ತ ಕುಳಿತವರು, ತಲೆಯೆತ್ತಿ ಕೇಳಿದರು: “ತಮ್ಮಾ, ಆ ಯಂತ್ರದ ಬುಡದಲ್ಲಿ ಇರುವವರ ಮನೆಗೆ ಕರೆಂಟ್ ಇದ್ಯೇನೋ?”

ಅವನು ಆಟವನ್ನು ನಿಲ್ಲಿಸಿ, “ಕೆಳಗಿನವರಿಗೆ ದೀಪ ಇದೆ ದೊಡ್ಡಜ್ಜಿ, ಬಿಸಿಲು ಇಲ್ಲ” ಎಂದ.

ಅವನು ಹೇಳಿದ್ದು ಸರಿ. ಮಿಡ್ಗರಿನ ಉಳ್ಳವರು ಕಂಬಗಳ ಮೇಲೆ ಹಾಸಿದ ಉಕ್ಕಿನ ಅಟ್ಟದ ಮೇಲಿದ್ದಾರೆ, ಬಡವರು ಅದರ ಅಡಿಯಲ್ಲಿ. ಆದರೆ ದೊಡ್ಡಮ್ಮ ಕೇಳಿದ್ದು ಮಿಡ್ಗರಿನ ಸಂಗತಿಯನ್ನೇ ಎಂದು ನಾನು ನಂಬುವುದಿಲ್ಲ. ಸೂಪಾದಲ್ಲಿ 101 ಮೀಟರ್ ಎತ್ತರದ ಗೋಡೆಯೆದ್ದು, ಕಾಳಿ ನದಿಯ ನೀರು ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ಮತ್ತೆ ಮತ್ತೆ ಟರ್ಬೈನ್ ತಿರುಗಿಸಿದ ಮೇಲೂ, ಆ ಅಣೆಕಟ್ಟು ಇರುವ ಜೋಯಿಡಾ ತಾಲ್ಲೂಕಿನ ಎಷ್ಟೋ ಒಳಹಳ್ಳಿಗಳು ಬಹುಕಾಲ ಚಿಮಣಿ ದೀಪದಲ್ಲೇ ರಾತ್ರಿ ಕಳೆದವು. ‘ಬುಡದಲ್ಲಿ ಇರುವವರು’ ಎಂದಾಗ ದೊಡ್ಡಮ್ಮನ ಕಣ್ಣ ಮುಂದೆ ಇದ್ದದ್ದು ಆ ಹಳ್ಳಿಗಳವರೇ ಇರಬೇಕು.

ಎಲ್ಲದಕ್ಕೂ ತೀರ್ಪು ಕೊಟ್ಟೇ ತೀರುವ ನಮ್ಮ ಭಾವ, ಇಂಥ ಆಟಗಳು ಮಕ್ಕಳ ತಲೆಯಲ್ಲಿ ಅಭಿವೃದ್ಧಿಯ ಬಗ್ಗೆ ವಿಷ ಬಿತ್ತುತ್ತವೆ ಎಂದು ನಡುವೆ ಬಾಯಿ ಹಾಕಿದರು; ಕೈಗಾ ಅಣುವಿದ್ಯುತ್ ಸ್ಥಾವರದ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿಲ್ಲದಿದ್ದರೆ ಈ ಟಿವಿಯೇ ಉರಿಯುವುದಿಲ್ಲವಂತೆ. ಅವರ ಮಾತಿನ ಒಂದಂಶವನ್ನು ನಾನು ಒಪ್ಪುತ್ತೇನೆ. ಹೀರಿದ ಮಾಕೊ ಮರಳಿ ಬರುವುದಿಲ್ಲ, ಮಿಡ್ಗರಿನ ಸುತ್ತಲ ನೆಲ ಬರಡಾಗಿದೆ. ನಮ್ಮ ಕಾಳಿಯಾದರೋ ಅಷ್ಟೆಲ್ಲ ದುಡಿದೂ ಸದಾಶಿವಗಡದ ಬಳಿ ಕಡಲು ಸೇರುತ್ತಾಳೆ. ಆದರೂ ದೊಡ್ಡಮ್ಮನ ಪ್ರಶ್ನೆಗೆ ಭಾವನ ಮೆಗಾವ್ಯಾಟುಗಳು ಉತ್ತರವಲ್ಲ, ಏಕೆಂದರೆ ಅವರು ಯಂತ್ರ ಬೇಕೋ ಬೇಡವೋ ಎಂದು ಕೇಳಿರಲೇ ಇಲ್ಲ.

ಆಟದ ಖಳರು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಶಿನ್ರಾದ ಅಧ್ಯಕ್ಷ ಗಗನಚುಂಬಿ ಕಟ್ಟಡದಲ್ಲಿ ಕುಳಿತು ಕ್ರೌರ್ಯ ಮೆರೆಯುವವನಾದ್ದರಿಂದ ಅವನನ್ನು ದ್ವೇಷಿಸುವುದು ಬಲು ಸುಲಭ. ನನ್ನನ್ನು ಕಾಡಿದವನು ಬಾಂಬ್ ಇಡುವ ಗುಂಪಿನ ನಾಯಕ ಬ್ಯಾರೆಟ್. ಅವನ ಗಣಿಯೂರಾದ ಕೊರೆಲ್‌ನಲ್ಲಿ ರಿಯಾಕ್ಟರ್ ಬರಲೆಂದು ವಾದಿಸಿದವರಲ್ಲಿ ಅವನೂ ಒಬ್ಬ. ಬೇಡವೆಂದು ಹಟ ಹಿಡಿದವನು ಅವನ ಗೆಳೆಯ ಡೈನ್. ರಿಯಾಕ್ಟರಿನಲ್ಲಿ ಸ್ಫೋಟವಾದಾಗ ಶಿನ್ರಾ ಊರಿನವರ ಮೇಲೆಯೇ ತಪ್ಪು ಹೊರಿಸಿ ಊರನ್ನು ಸುಟ್ಟಿತು, ಬ್ಯಾರೆಟ್ ಹೆಂಡತಿಯನ್ನು ಕಳೆದುಕೊಂಡ.

ಹುಡುಗ ಇದನ್ನು ವಿವರಿಸಿದಾಗ ಭಾವ ಎದ್ದು ಹೊರಗೆ ಹೋಗಿಯಾಗಿತ್ತು. ದೊಡ್ಡಮ್ಮ ಮಾತ್ರ ಪೂರ್ತಿ ಕೇಳಿ, “ಹೂಂ ಅಂದವನೂ ಅವನೇ ಅಲ್ವಾ, ಅದಕ್ಕೇ ಅಷ್ಟು ಸಿಟ್ಟು” ಎಂದು ಇನ್ನೊಂದು ಬತ್ತಿಗೆ ಹತ್ತಿ ಎಳೆದುಕೊಂಡರು.