ಸರ್ಫಿಂಗ್ ಕಲಿಕೆ, 9ನೇ ವಾರ: ಇನ್ನೆರಡು ಸಲ ಕೈ ಬೀಸು

ನಿನ್ನೆ ಭಾನುವಾರ ಮಂಗಳೂರಿನ ಹತ್ತಿರದ ಸಸಿಹಿತ್ಲು ಕಡಲಿನಲ್ಲಿ 14 ಅಲೆ ಹಿಡಿಯಲು ನೋಡಿದೆ, 9ರಲ್ಲಿ ಎದ್ದು ನಿಂತೆ. ಅದರಲ್ಲಿ 3 ಸಲ ಮೊಣಕಾಲುದ್ದ ನೀರು ಸಿಗುವ ತನಕ ನಿಂತೇ ಬಂದೆ. ಹೋದ ತಿಂಗಳು 20 ಅಲೆಯಲ್ಲಿ 2 ಸಲ ಮಾತ್ರ ಎದ್ದು ನಿಂತಿದ್ದೆ. ಏನು ಬದಲಾಯಿತು ಅಂತ ಮರೆತು ಹೋಗುವ ಮೊದಲು ಬರೆದಿಡುತ್ತೇನೆ.

ಶುರು ಮಾಡಿದ್ದು ಅಕ್ಟೋಬರ್ ಮೊದಲ ವಾರ. ಮಳೆಗಾಲದ ಕಡಲು ಹೊಸಬರಿಗೆ ಆಗುವಂಥದ್ದಲ್ಲ, ಜೂನ್ ಜುಲೈನಲ್ಲಿ ದೊಡ್ಡ ಬೋಟುಗಳೇ ದಕ್ಕೆಯಲ್ಲಿರುತ್ತವೆ. ಕಾವೂರಿನಿಂದ ಬೆಳಿಗ್ಗೆ ಐದೂವರೆಗೆ ಬೈಕ್ ಹತ್ತಿದರೆ ಹಳೆಯಂಗಡಿಯಲ್ಲಿ ಹೆದ್ದಾರಿ ಬಿಟ್ಟು ತಿರುಗುವಾಗ ಇನ್ನೂ ಮಬ್ಬು. ಬೇಗ ಹೋಗುವುದಕ್ಕೆ ಕಾರಣ ಇದೆ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ, ಆಗ ಅಲೆಯ ಮುಖ ನಯವಾಗಿ ನಿಲ್ಲುತ್ತದೆ. ಮಧ್ಯಾಹ್ನಕ್ಕೆ ಗಾಳಿ ತಿರುಗಿ ಕಡಲಿನಿಂದ ಬರಲು ಶುರುವಾದರೆ ನೀರೆಲ್ಲ ಕಲಕಿ, ಯಾವುದು ಅಲೆ ಯಾವುದು ಬರೀ ಉಬ್ಬು ಅಂತ ನನಗಂತೂ ಗೊತ್ತಾಗುವುದಿಲ್ಲ.

ಮೊದಲ ಐದು ವಾರ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಎದ್ದು ನಿಲ್ಲುವುದು. ಮನೆಯ ಕೆಂಪು ನೆಲದ ಮೇಲೆ ಚಾಕ್‌ನಲ್ಲಿ ಬೋರ್ಡಿನ ಆಕಾರ ಬರೆದು ದಿನಾ 30 ಸಲ ಮಲಗಿ ಎದ್ದೆ. ಎದೆಯ ಪಕ್ಕ ಅಂಗೈ ಊರಿ, ಒಂದೇ ಏಟಿಗೆ ಎರಡೂ ಕಾಲು ಒಳಗೆ. ನನಗೆ ಬಲಗಾಲು ಮುಂದೆ ಬಂದರೇ ಸರಿ, ಇದಕ್ಕೆ ಗೂಫಿ ಅನ್ನುತ್ತಾರೆ. ನೆಲದ ಮೇಲೆ ಚೆನ್ನಾಗಿಯೇ ಬರುತ್ತಿತ್ತು. ನೀರಿಗೆ ಹೋದರೆ ಬೋರ್ಡಿನ ಮೂಗು ಕೆಳಗೆ ಇಳಿದು, ನಾನು ಅದರ ಮೇಲಿಂದ ಹಾರಿ ಮರಳಿಗೆ. ಮೂರನೇ ವಾರ ಬೋರ್ಡಿನ ಅಡಿಯ ಚೂಪು ರೆಕ್ಕೆ, ಅಂದರೆ ಫಿನ್, ತಾಗಿ ಕಣಕಾಲಿಗೆ ಗಾಯವಾಯಿತು, ಒಂದು ವಾರ ನೀರಿಗೆ ಇಳಿಯಲಿಲ್ಲ. ಆಗಿನಿಂದ ಬೀಳುವಾಗ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು, ಬೋರ್ಡಿನಿಂದ ದೂರಕ್ಕೆ, ಚಪ್ಪಟೆಯಾಗಿ ಬೀಳುತ್ತೇನೆ. ಇದನ್ನು ಮೊದಲ ದಿನವೇ ಕಲಿಯಬೇಕು.

ಆರನೇ ವಾರ ಕಲಿಸುವ ಹುಡುಗ ದಡದಿಂದ ಫೋನಲ್ಲಿ ವಿಡಿಯೋ ಮಾಡಿ ತೋರಿಸಿದ. ನಿಧಾನ ಮಾಡಿ ನೋಡಿದಾಗ ಎಲ್ಲ ಸ್ಪಷ್ಟ. ಅಲೆ ಬಂದು ಬೋರ್ಡಿನ ಹಿಂಭಾಗ ಮುಟ್ಟಿದ ಕ್ಷಣವೇ ನಾನು ಮಲಗಿಕೊಂಡು ನೀರು ಹಿಂದಕ್ಕೆ ತಳ್ಳುತ್ತಿದ್ದ ಕೈ ನಿಲ್ಲಿಸಿ ಏಳಲು ಹೊರಡುತ್ತಿದ್ದೆ. ಕಣ್ಣು ಬೇರೆ ನನ್ನ ಕಾಲಿನ ಮೇಲೆ.

"ಎಂಥ ಅವಸರ ಮಾರಾಯ್ರೆ? ಬೋರ್ಡು ಇನ್ನೂ ಓಡ್ಲಿಕ್ಕೇ ಶುರು ಮಾಡ್ಲಿಲ್ಲ. ಇನ್ನೆರಡು ಸಲ ಕೈ ಹಾಕಿ, ಮತ್ತೆ ಏಳಿ."

ಇಷ್ಟೇ ವಿಷಯ, ಆದರೆ ಇದರಲ್ಲೇ ಎಲ್ಲ ಇದೆ ಅಂತ ಈಗ ಅನಿಸುತ್ತದೆ. ಅಲೆ ನಮಗಿಂತ ವೇಗವಾಗಿ ಬರುತ್ತದೆ. ಬೋರ್ಡಿಗೆ ಸಾಕಷ್ಟು ವೇಗ ಇಲ್ಲದಿದ್ದರೆ ಅಲೆ ಒಂದೋ ಅಡಿಯಿಂದ ಜಾರಿ ಮುಂದೆ ಹೋಗುತ್ತದೆ, ಇಲ್ಲ ಹಿಂಭಾಗ ಎತ್ತಿ ಮೂಗನ್ನು ಮುಳುಗಿಸುತ್ತದೆ. ಏಳುವಾಗ ನಾವು ಬೋರ್ಡನ್ನು ಕೆಳಗೆ ಒತ್ತುತ್ತೇವೆ, ಇದ್ದ ಸ್ವಲ್ಪ ವೇಗವೂ ಹೋಯಿತು. ಹಾಗಾಗಿ ಬೋರ್ಡ್ ತಾನಾಗಿಯೇ ಜಾರಲು ಶುರು ಮಾಡಿದ ಮೇಲೆ ಏಳಬೇಕು. ಅದು ಗೊತ್ತಾಗುವುದು ಹೇಗೆ? ನನಗೆ ಕಿವಿಯಿಂದ ಗೊತ್ತಾಯಿತು. ಕೈ ಬೀಸುವಾಗ ಎದೆಯ ಅಡಿಯಲ್ಲಿ ನೀರು ತಪ್‌ ತಪ್‌ ಅನ್ನುತ್ತಿರುತ್ತದೆ. ಅಲೆ ಹಿಡಿದುಕೊಂಡ ಕೂಡಲೇ ಆ ಸದ್ದು ನಿಂತು, ಬಟ್ಟೆ ಹರಿದ ಹಾಗೆ ಉದ್ದಕ್ಕೆ ಸರ್ರ್‌ ಅಂತ ಬರುತ್ತದೆ. ಸರ್ರ್‌ ಕೇಳಿದ ಮೇಲೂ ಎರಡು ಸಲ ಕೈ ಬೀಸುತ್ತೇನೆ, ಒಂದು, ಎರಡು, ಆಮೇಲೆ ಅಂಗೈ ಊರುತ್ತೇನೆ. ಮೊದಲ ಸಲ ಹಾಗೆ ಎದ್ದಾಗ ಕಾಲಿನ ಅಡಿಯಲ್ಲಿ ಬೋರ್ಡ್ ನೆಲದಷ್ಟು ಗಟ್ಟಿ ಇತ್ತು. ಗಂಟಲು ಕಟ್ಟಿತು, ಸತ್ಯ ಹೇಳುತ್ತಿದ್ದೇನೆ.

ಕಣ್ಣಿನದ್ದು ಇನ್ನೂ ಪೂರ್ತಿ ಸರಿಯಾಗಿಲ್ಲ. ದಡದ ಗಾಳಿಮರ ಒಂದನ್ನು ಗುರುತು ಮಾಡಿಕೊಂಡು ಅದನ್ನೇ ನೋಡುತ್ತೇನೆ. ಕೆಳಗೆ ನೋಡಿದರೆ ತಲೆಯ ಭಾರ ಮುಂದೆ ಹೋಗುತ್ತದೆ, ಅದರ ಹಿಂದೆಯೇ ಮೈ.

ಬೋರ್ಡ್ 9 ಅಡಿಯದ್ದು, ಮೇಲೆ ಮೆತ್ತಗೆ ಫೋಮ್. ಏಳನೇ ವಾರ ಆಸೆಗೆ 8 ಅಡಿಯದ್ದು ತಗೊಂಡು ಒಂದು ಗಂಟೆಯಲ್ಲಿ ವಾಪಸ್ ಕೊಟ್ಟೆ. ಉದ್ದದ್ದು ಜಾಸ್ತಿ ತೇಲುತ್ತದೆ, ಅಲೆಯನ್ನು ಬೇಗ ಹಿಡಿಯುತ್ತದೆ. ಕಲಿಯುವವರು ಚಿಕ್ಕದಕ್ಕೆ ಹೋಗಲೇಬೇಡಿ.

ಜಾಗದ ಬಗ್ಗೆ ಒಂದು ಮಾತು. ಶಾಂಭವಿ, ನಂದಿನಿ ಎರಡೂ ಹೊಳೆ ಇಲ್ಲಿ ಕಡಲಿಗೆ ಸೇರುತ್ತವೆ, ಅವು ತಂದ ಮರಳಿನ ದಿಬ್ಬದ ಮೇಲೆ ಅಲೆ ಒಡೆಯುತ್ತದೆ. ಅಲೆಯ ಎತ್ತರಕ್ಕಿಂತ ನೀರಿನ ಆಳ ಸ್ವಲ್ಪವೇ ಜಾಸ್ತಿ ಇರುವಲ್ಲಿ ಅದು ಮುರಿದು ಬೀಳುತ್ತದೆ, ಅಂದರೆ 2 ಅಡಿ ಅಲೆಗೆ ಸುಮಾರು ಎರಡೂವರೆ ಅಡಿ ನೀರು. ಈ ಲೆಕ್ಕ ತಲೆಗೆ ಹೋದ ಮೇಲೆ ಎಲ್ಲಿ ಕಾಯಬೇಕು ಅಂತ ದಡದಿಂದಲೇ ಅಂದಾಜು ಸಿಗುತ್ತದೆ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದದ್ದು ಇದೇ ದಡದಲ್ಲಿ. ಆದರೆ ಅಳಿವೆ ಬಾಯಿಯ ಹತ್ತಿರ ಹೋಗಬೇಡಿ, ಇಳಿತದ ಹೊತ್ತಿಗೆ ಅಲ್ಲಿ ನೀರು ಹೊರಕ್ಕೆ ಎಳೆಯುತ್ತದೆ. ಸೆಳೆತಕ್ಕೆ ಸಿಕ್ಕಿದರೆ ಅದರ ಎದುರಿಗೆ ಈಜಬಾರದು, ಬೋರ್ಡ್ ಬಿಡದೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಬಂದು, ಆಮೇಲೆ ಒಳಗೆ ಬರಬೇಕು.

ಈಗ ಇಷ್ಟು ದಿನ ಹಿಡಿದದ್ದೆಲ್ಲ ಒಡೆದ ಅಲೆಯ ನೊರೆ. ಮುಂದಿನದ್ದು ಒಡೆಯದ ಹಸಿ ಅಲೆ, ಅದರ ಮೇಲೆ ನೇರ ದಡಕ್ಕೆ ಬರದೆ ಎಡಕ್ಕೆ ಓರೆಯಾಗಿ ಹೋಗಬೇಕು. ನಿನ್ನೆ ಒಂದಕ್ಕೆ ಕೈ ಹಾಕಿದೆ, ತಪ್ಪಿತು. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ವಾರ ಕಳೆಯುವಾಗ ಹೊತ್ತು ತಲೆಕೆಳಗಾಗಿರುತ್ತದೆ. ನಿನ್ನೆ ಏಳು ಗಂಟೆಗೆ ಭರತ ತುಂಬಿತ್ತು, ಬರುವ ಭಾನುವಾರ ಆ ಹೊತ್ತಿಗೆ ಇಳಿತ. ನನಗೆ ನೀರು ಅರ್ಧ ಏರಿದಾಗ ಅನುಕೂಲ, ಹಾಗಾಗಿ ಈ ಸಲ ಎಂಟೂವರೆಗೆ ಇಳಿಯುತ್ತೇನೆ, ಗಾಳಿ ತಿರುಗುವ ಮೊದಲು ಒಂದೂವರೆ ಗಂಟೆಯಾದರೂ ಸಿಗಬೇಕು.