ನಿಮ್ಮೂರ ಆಕಾಶ ಏನೂ ಮಾಡುವುದಿಲ್ಲವೇ?

ಉತ್ತರ ನಾರ್ವೆಯ ಟ್ರೊಮ್ಸೋದಲ್ಲಿ ರಾತ್ರಿಯ ಆಕಾಶದಲ್ಲಿ ಬಣ್ಣಬಣ್ಣವಾಗಿ ಹೊಳೆಯುವ ಧ್ರುವಪ್ರಭೆಯನ್ನು ಬಾಯಿ ಬಿಟ್ಟು ನೋಡುವವರು ಪ್ರವಾಸಿಗರು ಮತ್ತು ನನ್ನಂಥ ಹೊರಗಿನವರು ಮಾತ್ರ. ಕಳೆದ ವಾರ ಊರಿಗೆ ಕಳಿಸಲೆಂದು ಅದರ ವಿಡಿಯೋ ತೆಗೆಯುತ್ತಿದ್ದಾಗ, ಪಕ್ಕದ ಮನೆಯ ಪುಟ್ಟ ಹುಡುಗಿ ನನ್ನನ್ನು ನೋಡಿ, "ನಿಮ್ಮೂರಲ್ಲಿ ಆಕಾಶ ಏನೂ ಮಾಡುವುದಿಲ್ಲವೇ?" ಎಂದು ಕೇಳಿದಳು. ಕನಿಕರದಿಂದ ಕೇಳಿದ ಪ್ರಶ್ನೆಯಾದ್ದರಿಂದಲೇ ಅದು ತುಸು ಚುಚ್ಚಿತು.

ಅವಳ ಆಕಾಶದ ವೈಭವವನ್ನು ಅಲ್ಲಗಳೆಯುವಂತಿಲ್ಲ. ಸೂರ್ಯನಿಂದ ಬಂದ ಕಣಗಳು ಭೂಮಿಯ ಕಾಂತಕ್ಷೇತ್ರವನ್ನು ಕಲಕಿದಾಗ, ವೇಗ ಪಡೆದ ಎಲೆಕ್ಟ್ರಾನುಗಳು ಕಾಂತರೇಖೆಗಳ ಗುಂಟ ಇಳಿದು ಆಮ್ಲಜನಕದ ಪರಮಾಣುಗಳಿಗೆ ಬಡಿಯುತ್ತವೆ. 100ರಿಂದ 150 ಕಿ.ಮೀ. ಎತ್ತರದಲ್ಲಿ ಹಸಿರು ಹೊಮ್ಮುತ್ತದೆ, 200 ಕಿ.ಮೀ. ದಾಟಿದ ಮೇಲೆ ಕೆಂಪು. ಕೆಂಪು ಬೆಳಕನ್ನು ಚೆಲ್ಲಲು ಪರಮಾಣುವಿಗೆ ಬೇರೆ ಕಣ ಬಂದು ಡಿಕ್ಕಿ ಹೊಡೆಯದ ಹೆಚ್ಚುಕಡಿಮೆ ಎರಡು ನಿಮಿಷದ ಬಿಡುವು ಬೇಕು. 100 ಕಿ.ಮೀ. ಮೇಲೆ ಗಾಳಿ ನೆಲಮಟ್ಟದ ಹತ್ತು ಲಕ್ಷದಲ್ಲೊಂದು ಪಾಲಿಗಿಂತ ವಿರಳವಾಗಿದ್ದರೂ, ಆ ಬಿಡುವಿಗೆ ಅದೂ ಸಂತೆಯ ನೂಕುನುಗ್ಗಲೇ.

ಹಿಂದೆ ಮೀನುಗಾರಿಕೆಗೆ ಹೋಗುತ್ತಿದ್ದ ಅವಳ ಅಜ್ಜ ಬೇಲಿಯಾಚೆಯಿಂದ ಒಂದು ಮಾತು ಸೇರಿಸಿದರು: ಬೆಳಕು ಜೋರಾದ ರಾತ್ರಿಗಳಲ್ಲಿ ದೋಣಿಯ ರೇಡಿಯೋ ಮೂಕವಾಗುತ್ತಿತ್ತಂತೆ. ಕಣಗಳು ಇನ್ನೂ ಕೆಳಗೆ, 60ರಿಂದ 90 ಕಿ.ಮೀ. ನಡುವಿನ ಪದರಕ್ಕೆ ನುಗ್ಗಿ ಅದನ್ನು ಅಯಾನೀಕರಿಸಿದರೆ, ಅಂದರೆ ಅಲ್ಲಿನ ಗಾಳಿಯಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಡಿಸಿದರೆ, ಅದು ರೇಡಿಯೋ ತರಂಗಗಳನ್ನು ಹೀರಿಬಿಡುತ್ತದೆ. ನನಗೆ ಥಟ್ಟನೆ ದಾವಣಗೆರೆಯ ನಮ್ಮ ಮನೆ ನೆನಪಾಯಿತು. ಅಲ್ಲಿ ಬಿಸಿಲಿನಿಂದ ಹುಟ್ಟುವ ಅದೇ ಪದರ ಸೂರ್ಯ ಮುಳುಗುತ್ತಲೇ ಕರಗುತ್ತಿತ್ತು. ಅದಕ್ಕೂ ಎಷ್ಟೋ ಮೇಲಿನ ಅಯಾನುಗೋಳ ದೂರದ ಮೀಡಿಯಂ ವೇವ್ ಕೇಂದ್ರಗಳನ್ನು ಪ್ರತಿಫಲಿಸಿ ಅಪ್ಪನ ರೇಡಿಯೋಗೆ ಇಳಿಸುತ್ತಿತ್ತು. ಕರೆಂಟು ಹೋದ ರಾತ್ರಿ ಜಗಲಿಯಲ್ಲಿ ಕೂತು ಮುಳ್ಳು ತಿರುಗಿಸಿದರೆ, ಹಗಲು ಬರೀ ಗೊರಗುಟ್ಟುತ್ತಿದ್ದ ಜಾಗದಲ್ಲಿ ಮದ್ರಾಸು, ಹೈದರಾಬಾದು, ಕೆಲವೊಮ್ಮೆ ಗುರುತೇ ಹತ್ತದ ಭಾಷೆಯೊಂದು ಸಿಗುತ್ತಿದ್ದವು. ಅಪ್ಪ ಕೊನೆಯವರೆಗೂ ಅದನ್ನು ಸೆಟ್ಟಿನ ಗುಣವೆಂದೇ ನಂಬಿದ್ದರು. ನಮ್ಮ ಆಕಾಶ ರಾತ್ರಿ ದೂರದ ಊರಿನ ಹಾಡು ತಂದುಕೊಡುತ್ತದೆ ಎಂದು ಹುಡುಗಿಗೆ ಹೇಳಿದೆ. ಹಾಡು ಫೋನಿನಲ್ಲೇ ಬರುತ್ತದಲ್ಲ ಎಂದು ಅವಳು ಒಳಗೆ ಹೋದಳು.

ಹಗಲಿನಲ್ಲಿ ದಕ್ಷಿಣ ಭಾರತದ ಆಕಾಶ ಮಾಡುವ ಕೆಲಸ ಇದಕ್ಕಿಂತ ದೊಡ್ಡದು. ಅದನ್ನು ಇಲ್ಲಿಗೆ ಬಂದ ಮೇಲೆ ತಿಳಿಯಬೇಕಾಯಿತೆಂಬುದೇ ನನ್ನ ಸಿಟ್ಟು. ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗಿರುವ ಕಾಂತೀಯ ಸಮಭಾಜಕವು ನಮ್ಮ ದೇಶದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ, ಮತ್ತು ಅದರ ಗುಂಟ ಸುಮಾರು 105 ಕಿ.ಮೀ. ಎತ್ತರದಲ್ಲಿ ಹಗಲು ಹೊತ್ತು ಪೂರ್ವಾಭಿಮುಖವಾಗಿ ಪ್ರಬಲವಾದ ವಿದ್ಯುತ್ ಪ್ರವಾಹ ಹರಿಯುತ್ತದೆ. ಬಲೂನು ಅಷ್ಟು ಎತ್ತರಕ್ಕೆ ಏರಲಾರದು, ಉಪಗ್ರಹ ಅಷ್ಟು ಕೆಳಗೆ ಉಳಿಯಲಾರದು. ಒಳಹೊಕ್ಕು ಅಳೆಯಲು ರಾಕೆಟ್ಟೇ ಬೇಕು. ವಿಕ್ರಮ್ ಸಾರಾಭಾಯಿ ಅವರ ತಂಡ ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಹಳ್ಳಿಯನ್ನು ಆರಿಸಿಕೊಂಡದ್ದು ಇದಕ್ಕಾಗಿ. 1963ರ ನವೆಂಬರ್ 21ರ ಸಂಜೆ ಅಲ್ಲಿಂದ ಹಾರಿದ ನೈಕಿ-ಅಪಾಚಿ ರಾಕೆಟ್ ಸೋಡಿಯಂ ಆವಿಯನ್ನು ಚೆಲ್ಲಿತು. ಆ ಕಿತ್ತಳೆ ಬಣ್ಣದ ಮೋಡ ಸಾಗಿದ ದಿಕ್ಕಿನಿಂದ ಮೇಲಿನ ಗಾಳಿಯ ಚಲನೆಯನ್ನು ಲೆಕ್ಕ ಹಾಕಿದರು.

ವಿಡಿಯೋ ನೋಡಿ ಕರೆ ಮಾಡಿದ ಅಕ್ಕನ ಮಗ ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದಾನೆ. ತುಂಬಾದ ಹೆಸರೆತ್ತಿದೊಡನೆ ತಾರೀಖನ್ನೂ ರಾಕೆಟ್ಟಿನ ಹೆಸರನ್ನೂ ಪಟಪಟನೆ ಒಪ್ಪಿಸಿದ. ಆ ಹಳ್ಳಿಯೇ ಏಕೆ ಎಂದು ಕೇಳಿದೆ.

"ಅದನ್ನು ಕೇಳಲ್ಲ ಮಾಮ, ಇಸವಿ ಅಷ್ಟೇ ಕೇಳ್ತಾರೆ" ಎಂದ.