ಮಾಸ್ಕಿಗೆ ಬಯ್ಯುವ ಮೊದಲು ಟ್ಯೂಬ್ ನೋಡಿ

"ಹಚ್ಚಿದ್ರೆ ಹೋಗುತ್ತೆ ಡಾಕ್ಟ್ರೇ, ಬಿಟ್ರೆ ಮತ್ತೆ ಬರುತ್ತೆ." ಈ ವಾರ ಐಸಿಯು ನರ್ಸ್ ಒಬ್ಬರು ಹೇಳಿದ ಮಾತು. ಬಾಯಿಯ ಸುತ್ತ, ಮೂಗಿನ ಪಕ್ಕದಲ್ಲಿ ಸಣ್ಣ ಕೆಂಪು ಗುಳ್ಳೆಗಳು. ತುಟಿಗೆ ತಾಗಿಕೊಂಡ ತೆಳುವಾದ ಒಂದು ಪಟ್ಟಿ ಮಾತ್ರ ಗುಳ್ಳೆಯಿಲ್ಲದೆ ಸ್ವಚ್ಛವಾಗಿತ್ತು. ಆ ಪಟ್ಟಿ ಕಂಡರೆ ಸ್ಟೀರಾಯ್ಡ್ ಮುಲಾಮಿನ ಅನುಮಾನ, ಮೊದಲು ಕೇಳಬೇಕಾದ್ದು ಏನು ಹಚ್ಚುತ್ತಿದ್ದೀರಿ ಅಂತ. ಬ್ಯಾಗಿನಿಂದ ಬೆಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮುಲಾಮಿನ ಟ್ಯೂಬ್ ಹೊರಬಂತು. ಹಚ್ಚಿಕೊಳ್ಳಿ ಎಂದವರು ಜೊತೆಗೆ ಡ್ಯೂಟಿ ಮಾಡುವವರೇ. ಔಷಧದ ನಡುವೆಯೇ ಬದುಕುವವರು ಇಷ್ಟು ಧಾರಾಳವಾಗಿ ಸ್ಟೀರಾಯ್ಡ್ ಹಂಚುವುದು ನೋಡಿದರೆ ಸಿಟ್ಟು ಬರುತ್ತದೆ.

ಹಚ್ಚಿದರೆ ಹೋಗುವುದು ನಿಜವೇ. ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸಿ ಉರಿಯೂತವನ್ನು ಅದುಮುತ್ತದೆ, ಕೆಂಪು ಇಳಿಯುತ್ತದೆ. ಬಿಟ್ಟ ಕೂಡಲೇ ಅದುಮಿಟ್ಟದ್ದೆಲ್ಲ ಮೇಲೇಳುತ್ತದೆ. ಅದರ ಮೇಲೆ ಮಾಸ್ಕ್ ಬಿಗಿದರೆ ಒಳಗಿನ ಬಿಸಿಗೆ, ತೇವಕ್ಕೆ ಮುಲಾಮು ಚರ್ಮದೊಳಗೆ ಇನ್ನೂ ಹೆಚ್ಚು ಇಳಿಯುತ್ತದೆ. ನಿಲ್ಲಿಸಿದ ಮೊದಲ ಒಂದೆರಡು ವಾರ ಗುಳ್ಳೆ ಕೆರಳುತ್ತದೆ ಎಂದು ಮೊದಲೇ ಹೇಳದಿದ್ದರೆ ರೋಗಿ ಮೂರನೇ ದಿನವೇ ಟ್ಯೂಬ್ ತೆರೆಯುತ್ತಾರೆ. ಬಹಳ ಕಾಲದಿಂದ ಹಚ್ಚಿದ್ದರೆ ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು.

ಮಾಸ್ಕಿನಡಿಯ ಗುಳ್ಳೆಗಳೆಲ್ಲ ಒಂದೇ ಜಾತಿಯವಲ್ಲ. ಗಲ್ಲ, ಕೆನ್ನೆಯ ಮೇಲೆ ಕಪ್ಪುತಲೆ, ಬಿಳಿತಲೆಗಳಿದ್ದರೆ (ಬ್ಲ್ಯಾಕ್‌ಹೆಡ್, ವೈಟ್‌ಹೆಡ್) ಅದು ಮೊಡವೆ: ರಾತ್ರಿ 2.5 ಶೇಕಡಾ ಬೆಂಜಾಯಿಲ್ ಪೆರಾಕ್ಸೈಡ್ ತೆಳುವಾಗಿ ಸಾಕು (ಹಗಲು ಹಚ್ಚಿದರೆ ಬಟ್ಟೆ ಮಾಸ್ಕಿನ ಬಣ್ಣವೂ ಹೋಗುತ್ತದೆ). ಒಂದೇ ಗಾತ್ರದ, ತುರಿಸುವ ಗುಳ್ಳೆಗಳಾದರೆ ಯೀಸ್ಟ್ ಎಂಬ ಶಿಲೀಂಧ್ರದ ಸೋಂಕು ಇರಬಹುದು. ಮೊಡವೆಯ ಆಂಟಿಬಯಾಟಿಕ್ ಅದನ್ನು ಹೆಚ್ಚಿಸಬಹುದು. ಎಲಾಸ್ಟಿಕ್ ತಾಗುವ ಗೆರೆಯುದ್ದಕ್ಕೂ ತುರಿಕೆ ಎದ್ದರೆ ರಬ್ಬರಿನ ರಾಸಾಯನಿಕಗಳ ಅಲರ್ಜಿಯ ಅನುಮಾನ. ಆಗ ಮುಲಾಮಿಗಿಂತ ಮಾಸ್ಕ್ ಬದಲಿಸುವುದೇ ಮದ್ದು.

ಎನ್95 ಹಾಕುವವರಿಗೆ ಮೂಗಿನ ಮೂಳೆಯ ಮೇಲಿನ ಗಾಯವೇ ದೊಡ್ಡ ಕಾಟ. ಮಾಯಿಶ್ಚರೈಸರ್ ಹಚ್ಚಿ ಅರ್ಧ ಗಂಟೆ ಬಿಟ್ಟು ಮಾಸ್ಕ್ ಹಾಕಬೇಕು. ಅಂಚಿನಡಿ ಪೆಟ್ರೋಲಿಯಂ ಜೆಲ್ಲಿ ಬಳಿದರೆ ಮಾಸ್ಕ್ ಜಾರಿ ಗಾಳಿ ಸೋರುತ್ತದೆ. ಗಾಯಕ್ಕೆ ಅಂಟಿಸುವ ತೆಳು ಹೈಡ್ರೋಕೊಲಾಯ್ಡ್ (ಜೆಲ್‌ನಂಥ) ಪಟ್ಟಿ ಹಾಕಿದರೂ ಸೋರುವಿಕೆಯನ್ನು ಮತ್ತೆ ಪರೀಕ್ಷಿಸಲೇಬೇಕು. ಅದನ್ನು ಎಳೆದು ಕಿತ್ತರೆ ಇದ್ದ ಚರ್ಮವೂ ಜೊತೆಗೆ ಬರುತ್ತದೆ. ನೀರಲ್ಲಿ ನೆನೆಸಿ ಬಿಡಿಸಿ.

ಹಚ್ಚಿದ್ರೆ ಹೋಗುತ್ತೆ ಅನ್ನುವವರನ್ನು ಬಯ್ಯುವುದು ಸುಲಭ. ನಾಲ್ಕು ಗಂಟೆಗೊಮ್ಮೆ, ಸುರಕ್ಷಿತ ಜಾಗದಲ್ಲಿ, ಹದಿನೈದು ನಿಮಿಷ ಮಾಸ್ಕ್ ತೆಗೆಯಿರಿ ಅಂದಾಗ ಆ ನರ್ಸ್ ನಕ್ಕುಬಿಟ್ಟರು, "ನೀರು ಕುಡಿಯೋಕೇ ಟೈಮ್ ಇಲ್ಲ." ಡ್ಯೂಟಿ ಪಟ್ಟಿ ಬರೆಯುವವರು ಈ ಹದಿನೈದು ನಿಮಿಷವನ್ನು ಸೋಮಾರಿತನದ ಲೆಕ್ಕಕ್ಕೆ ಹಾಕುತ್ತಾರೆ. ಹಾಗಾಗಿ ಈ ಸಲ ಚೀಟಿಯಲ್ಲಿ ಸ್ಟೀರಾಯ್ಡ್ ನಿಲ್ಲಿಸಿ ಎಂಬುದರ ಕೆಳಗೆ ಬಿಡುವಿನ ವೇಳೆಯನ್ನೂ ಬರೆದದ್ದು, ಅವರ ಇನ್‌ಚಾರ್ಜ್‌ಗೆ ತೋರಿಸಲು ಅನುಕೂಲವಾಗಲಿ ಎಂದು.